ಬೊಡ್ಡೆ ಉಳಿದರೆ ಬಡ್ಡಿ ಬೆಳೆಯುತ್ತದೆ



ತೋಟದಲ್ಲಿ ಮರ ಕಡಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೊಡ್ಡೆ ಕೀಳಿಸಿದವರು ಕಡಿಮೆ. ದಿಮ್ಮಿಗೆ ಬೆಲೆಯುಂಟು, ಸೌದೆಗೆ ಒಲೆಯುಂಟು, ಬೊಡ್ಡೆಗೆ ಕೂಲಿಯ ಖರ್ಚು ಮಾತ್ರ. ನಾನೂ ಹಾಗೆಯೇ ಲೆಕ್ಕ ಹಾಕಿದವನು. ಕಾಫಿಗೆ ನೆರಳು ಹೆಚ್ಚಾಯಿತೆಂದು ಹಿಂದೊಮ್ಮೆ ಒಂದು ಹಲಸಿನ ಮರ ಕಡಿಸಿ, ಬೊಡ್ಡೆಯನ್ನು ಮಣ್ಣಿನಲ್ಲೇ ಬಿಟ್ಟೆ. ಮೂರನೆಯ ವರ್ಷ ಅದರ ಪಕ್ಕದ ಎರಡು ಕಾಫಿ ಗಿಡಗಳು ಹಳದಿಯಾಗಿ ಎಲೆ ಉದುರಿಸಿದವು. ನೀರಿನ ಕೊರತೆಯೆಂದುಕೊಂಡೆ. ಐದನೆಯ ವರ್ಷದ ಹೊತ್ತಿಗೆ ಹನ್ನೊಂದು ಗಿಡಗಳು ಹೋಗಿದ್ದವು. ಒಂದನ್ನು ಕಿತ್ತು ನೋಡಿದರೆ ಬೇರಿಗೆ ಮಣ್ಣು ಕಚ್ಚಿಕೊಂಡು ಕಂದು ಹೊದಿಕೆಯಂತಾಗಿತ್ತು, ತೊಳೆದರೂ ಬಿಡಲಿಲ್ಲ. ಅದು ಕಂದು ಬೇರು ರೋಗ. ರೋಗದ ಮನೆ ನಾನೇ ಉಳಿಸಿದ ಬೊಡ್ಡೆ.

ಈ ಸಂಗತಿ ಮತ್ತೆ ಮನಸ್ಸಿಗೆ ಬಂದದ್ದು ದೂರದ ಬಯಲುಸೀಮೆಯಲ್ಲಿ. ಧಾರವಾಡದ ಕೃಷಿ ಕಾಲೇಜಿನಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರು ವಿಜಯಪುರ ಜಿಲ್ಲೆಯವರು. ಅವರ ಕರೆಯ ಮೇಲೆ 2024ರ ಮಾರ್ಚ್ ತಿಂಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಲಿಂಬೆ, ದಾಳಿಂಬೆ, ದ್ರಾಕ್ಷಿ ತೋಟಗಳನ್ನು ನೋಡಿ ಬಂದೆ. ಭೌಗೋಳಿಕ ಸೂಚಿಕೆ ಪಡೆದ ಲಿಂಬೆಯ ಊರಾದ ಇಂಡಿಯ ಸಮೀಪದ ಹಳ್ಳಿಯಲ್ಲಿದ್ದಾಗ ಹೋಳಿ ಹುಣ್ಣಿಮೆ ಬಂತು.

ಅಲ್ಲಿ ಕಾಮದಹನಕ್ಕೆಂದು ಹುಡುಗರು ಹಲಗಿ ಬಾರಿಸುತ್ತ ಮನೆಮನೆಯಿಂದ ಕಟ್ಟಿಗೆ, ಕುಳ್ಳು ಕೂಡಿಸುತ್ತಾರೆ. ಕೊಡದವರ ಹಿತ್ತಿಲಿನಿಂದ ಕದಿಯುತ್ತಾರೆ. ಆ ಒಂದು ಕಳವಿಗೆ ಊರಲ್ಲಿ ಮಾಫಿ. ಬೆಂಕಿ ಹೊತ್ತಿದೊಡನೆ ಬಾಯಿ ಬಡಿದುಕೊಂಡು ಬೊಬ್ಬೆ ಹೊಡೆಯುತ್ತಾರೆ. ಅದರಲ್ಲೇ ಕಡಲೆ ಸುಟ್ಟು ತಿಂದು, ಕೆಂಡವನ್ನು ಮನೆಗೊಯ್ಯುತ್ತಾರೆ. ಮಲೆನಾಡಿನವರಾದ ನಮಗೆ ವಿಚಿತ್ರವೆನಿಸುವ ಕೂಟ. ಆದರೆ ಅದರಿಂದ ತೋಟಕ್ಕೊಂದು ಉಪಕಾರವಾದುದನ್ನು ಕಂಡೆ. ಮುದಿಯಾಗಿ ಫಸಲು ನಿಂತ ಲಿಂಬೆ ಗಿಡಗಳನ್ನು ಕಡಿಸಿದ್ದ ರೈತರೊಬ್ಬರು ಬೊಡ್ಡೆಗಳ ಸುತ್ತ ಅಗೆಸಿ ಬಿಟ್ಟಿದ್ದರು. ಸಂಜೆ ಇಪ್ಪತ್ತು ಹುಡುಗರು ಬಂದು, ಹಗ್ಗ ಕಟ್ಟಿ ಜಗ್ಗಿ, ಬೇರು ಸಹಿತ ಕಿತ್ತು ಕಾಮಣ್ಣನಿಗೆ ಒಯ್ದರು. ಯಜಮಾನರು ನಗುತ್ತ ಹೇಳಿದರು: “ಬಡ್ಡಿ ಅಷ್ಟ ಕಟ್ಟಿದ್ರ ಸಾಲ ತೀರಂಗಿಲ್ರಿ ಸಾಹೇಬ್ರ, ಮ್ಯಾಲಷ್ಟ ಕಡದ್ರ ಬೊಡ್ಡಿ ಹೋಗಂಗಿಲ್ರಿ. ಎರಡೂ ಬುಡಾ ಸಮೇತ ಕೀಳಬೇಕ್ರಿ.”

ಸಹಕಾರ ಸಂಘದ ಕಾರ್ಯದರ್ಶಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಮರ ಕಡಿದರೂ ಬೇರು ಕೂಡಲೇ ಸಾಯದು. ಅದರಲ್ಲಿ ಕೂಡಿಟ್ಟ ಪಿಷ್ಟವೇ ಶಿಲೀಂಧ್ರಕ್ಕೆ ಆಹಾರ. ಅಲ್ಲಿ ಬಲಿತ ರೋಗ, ಬೇರಿಗೆ ಬೇರು ತಗಲಿದ ಕಡೆ ಪಕ್ಕದ ಗಿಡಕ್ಕೆ ದಾಟುತ್ತದೆ. ಕಾಫಿಯ ಕಂದು, ಕೆಂಪು, ಕಪ್ಪು ಬೇರು ರೋಗಗಳು ಹೀಗೆ ಹರಡುತ್ತವೆ. ಅಡಿಕೆಯ ಅಣಬೆ ರೋಗವೂ ಇದೇ ಜಾತಿಯದು. ಮೊದಲು ಹೊರಸುತ್ತಿನ ಸೋಗೆ ಹಳದಿಯಾಗಿ ಜೋಲುತ್ತದೆ, ಬುಡದಿಂದ ಕಂದು ರಸ ಸೋರುತ್ತದೆ. ಬುಡದಲ್ಲಿ ಅಣಬೆ ಕಾಣುವಷ್ಟರಲ್ಲಿ ಮರ ನಮ್ಮ ಕೈಬಿಟ್ಟಿರುತ್ತದೆ.

ಆದುದರಿಂದ ಬೆಳೆಗಾರರು ಅನುಸರಿಸಬೇಕಾದ ಕ್ರಮ ಇದು:

1. ನೆರಳಿನ ಮರ ತೆಗೆಯಬೇಕಾದರೆ, ಒಂದು ವರ್ಷ ಮುಂಚೆ ಬುಡದ ಮೇಲೆ ಗೇಣಗಲ ತೊಗಟೆಯನ್ನು ಸುತ್ತಲೂ ಬಿಡಿಸಿರಿ. ಎಲೆಯ ಆಹಾರ ಕೆಳಗಿಳಿಯದೆ ಬೇರಿನ ಪಿಷ್ಟ ಕರಗುತ್ತದೆ, ಶಿಲೀಂಧ್ರಕ್ಕೆ ಮೇವು ಸಿಗದು. ಮರ ಒಣಗಿ ಕೊಂಬೆ ಮುರಿದು ಬೀಳುವ ಮೊದಲೇ ಕಡಿಸಿರಿ.

2. ಬೊಡ್ಡೆ ಕೀಳುವಾಗ ದಪ್ಪ ಬೇರುಗಳನ್ನು ಹಿಂಬಾಲಿಸಿ ತೆಗೆಯಿರಿ. ಜೆಸಿಬಿ ತಂದರೆ ಪಕ್ಕದ ಗಿಡಗಳ ಬೇರಿಗೆ ಏಟು. ಸಣ್ಣ ತೋಟಕ್ಕೆ ಹಾರೆ, ಪಿಕಾಸಿ, ಹಗ್ಗ ಸಾಕು.

3. ರೋಗ ಹಿಡಿದ ಗಿಡವನ್ನೂ ಬೊಡ್ಡೆಯನ್ನೂ ತೋಟದೊಳಗೆ ಎಳೆದಾಡಬೇಡಿ, ಕಾಮಣ್ಣನಿಗೂ ಕೊಡಬೇಡಿ. ಕಿತ್ತ ಗುಂಡಿಯಲ್ಲೇ ಸುಡಿರಿ. ಸುಡುವ ಮೊದಲು ಸುತ್ತಲಿನ ತರಗು ಗುಡಿಸಿ, ನೀರು ಇಟ್ಟುಕೊಳ್ಳಿರಿ; ಗಾಳಿಯ ದಿನ ಬೇಡ.

4. ರೋಗದ ಜಾಗದ ಸುತ್ತ, ಒಂದು ಸಾಲು ಆರೋಗ್ಯದ ಗಿಡಗಳನ್ನು ಒಳಗೆ ಸೇರಿಸಿ, 2 ಅಡಿ ಆಳ, 1 ಅಡಿ ಅಗಲದ ಕಂದಕ ತೋಡಿರಿ. ಮಣ್ಣನ್ನು ಒಳಬದಿಗೆ ಹಾಕಿರಿ.

5. ಒಳಗಿನ ಕಾಫಿ ಗಿಡಗಳ ಬುಡಕ್ಕೆ ತಲಾ 1ರಿಂದ 2 ಕಿಲೋ ಕೃಷಿ ಸುಣ್ಣ ಕೊಡಿ. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 2 ಕಿಲೋ ಬೇವಿನ ಹಿಂಡಿ ಹಾಕಿ, ಬಸಿಗಾಲುವೆ ಸರಿಪಡಿಸಿರಿ. ಅವಸರದಿಂದ ಅದೇ ಗುಂಡಿಗೆ ಹೊಸ ಸಸಿ ನೆಡಬೇಡಿ.

ಆಳುಗಳೆಲ್ಲಿ ಎಂದು ಕೇಳುವಿರಿ. ನಮ್ಮಲ್ಲಿ ಹಲಗಿ ಬಾರಿಸಿಕೊಂಡು ಬರುವ ಹುಡುಗರಿಲ್ಲ, ನಿಜ. ಮುಯ್ಯಾಳಿನ ಪದ್ಧತಿ ನಮ್ಮ ಹಿರಿಯರದೇ ಅಲ್ಲವೇ? ಹೋಳಿಯ ಹೊತ್ತಿಗೆ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಅಕ್ಕಪಕ್ಕದ ಐದು ಮನೆಯವರು ಸೇರಿ, ದಿನಕ್ಕೊಂದು ತೋಟದಂತೆ ಇಳಿದರೆ ಒಂದು ವಾರದಲ್ಲಿ ಐದು ತೋಟಗಳ ಬೊಡ್ಡೆಗಳಿಗೆ ಗತಿ ಕಾಣಿಸಬಹುದು. ಕೂಡಲು ಒಪ್ಪುವವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿರಿ. ಮೊದಲ ದಿನಕ್ಕೆ ನನ್ನ ತೋಟಕ್ಕೇ ಬನ್ನಿ. ಹಲಸಿನ ಬೊಡ್ಡೆಯ ಅರ್ಧ ಇನ್ನೂ ನೆಲದಲ್ಲಿದೆ. ಹನ್ನೆರಡನೆಯ ಗಿಡ ಹಳದಿಯಾಗಲು ತೊಡಗಿದೆ.

— ಕಾರ್ಯದರ್ಶಿ