ಗೆಳೆತನವೂ ಗುಂಪುಗಾರಿಕೆಯೂ

ಮಾನವನು ಸಂಘಜೀವಿ. ಬಾಲ್ಯದಲ್ಲಿ ಮನೆಯ ಆಸರೆಯನ್ನು ಬಯಸುವ ಜೀವವು ಹರೆಯಕ್ಕೆ ಕಾಲಿಟ್ಟೊಡನೆ ಓರಗೆಯವರ ಮೆಚ್ಚುಗೆಗಾಗಿ ಹಂಬಲಿಸುತ್ತದೆ. ಇದು ದೋಷವಲ್ಲ, ವಯೋಧರ್ಮ. ಆದರೆ ಪುಂಡರ ಗುಂಪು ಸೇರಿದ ತರುಣರು ಅಪರಾಧದ ಹಾದಿ ಹಿಡಿಯುವುದೇಕೆ? ಕೆಟ್ಟವರು ಸೇರಿ ಗುಂಪಾಗುವರೋ, ಗುಂಪೇ ಅವರನ್ನು ಕೆಡಿಸುವುದೋ?

ಅಮೆರಿಕದ ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಥ್ರಾಷರ್ ಅವರು ಷಿಕಾಗೋ ನಗರದ 1,313 ಗುಂಪುಗಳನ್ನು ಪರಿಶೀಲಿಸಿ 1927ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆಟದ ಗೆಳೆಯರ ಕೂಟವೇ ಎದುರಾಳಿಗಳೊಡನೆ ಕಲಹ ಬೆಳೆದಂತೆ ಬಿಗಿಯಾದ ಪಡೆಯಾಗುವುದೆಂದು ಅವರು ತೋರಿಸಿದರು. ಅದೇ ದೇಶದ ರೋಚೆಸ್ಟರ್ ನಗರದಲ್ಲಿ 1988ರಿಂದ ಶಾಲಾಮಕ್ಕಳನ್ನು ವರ್ಷಾನುವರ್ಷ ಗಮನಿಸಲಾಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶ ಮನನೀಯವಾದುದು. ಗುಂಪು ಸೇರುವ ಮೊದಲು ಆ ಹುಡುಗರು ಇತರರಿಗಿಂತ ಹೆಚ್ಚು ತಪ್ಪಿತಸ್ಥರಾಗಿರಲಿಲ್ಲ. ಸೇರಿದ ಮೇಲೆ ಅವರ ದುಷ್ಕೃತ್ಯಗಳು ಏರಿದವು. ಬಿಟ್ಟ ಮೇಲೆ ಸಾಮಾನ್ಯವಾಗಿ ಇಳಿದವು. ಸ್ವಭಾವದ ಪಾಲೂ ಉಂಟೆಂದು ಅನಂತರದ ಅಧ್ಯಯನಗಳು ಹೇಳಿದರೂ ಗುಂಪಿನ ಪ್ರಭಾವವನ್ನು ಅಲ್ಲಗಳೆದಿಲ್ಲ.

ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಒಬ್ಬನೇ ಇದ್ದಾಗ ನಾಚುವ ಮನಸ್ಸು ಹತ್ತು ಜನರ ನಡುವೆ ನಾಚಿಕೆ ಮರೆಯುತ್ತದೆ. ಹೊಣೆ ಹಂಚಿಹೋಗುತ್ತದೆ. ಹಿಂಜರಿದವನು ಹೇಡಿಯೆನಿಸುತ್ತಾನೆ, ಕೈಯೆತ್ತಿದವನು ವೀರನೆನಿಸುತ್ತಾನೆ. ಒಬ್ಬನಿಗೆ ಬಿದ್ದ ಪೆಟ್ಟು ಎಲ್ಲರ ಸೇಡಾಗುತ್ತದೆ. ಬೆಂಗಳೂರಿನ ಭೂಗತ ಲೋಕದಲ್ಲಿ ಹೆಸರಾಗಿದ್ದ ಕೊತ್ವಾಲ ರಾಮಚಂದ್ರ 1986ರಲ್ಲಿಯೂ ಎಂ. ಪಿ. ಜಯರಾಜ್ 1989ರಲ್ಲಿಯೂ ಕೊಲೆಯಾದರು. ಗುಂಪಿನ ಬಲದಿಂದ ಮೆರೆದವರನ್ನು ಗುಂಪು ಕಾಪಾಡಲಿಲ್ಲ.

ಎಳೆಯರನ್ನು ಮುಂದಿಟ್ಟು ದುಷ್ಕಾರ್ಯ ಮಾಡಿಸುವ ಹಿರಿಯರೂ ಇದ್ದಾರೆ. ಮಕ್ಕಳನ್ನು ಒಬ್ಬೊಬ್ಬರಾಗಿಯಾಗಲಿ, ಗುಂಪಾಗಿಯಾಗಲಿ ಕಾನೂನುಬಾಹಿರ ಕೆಲಸಕ್ಕೆ ಬಳಸಿದ ವಯಸ್ಕರಿಗೆ 2015ರ ಬಾಲನ್ಯಾಯ ಕಾಯಿದೆಯು ಏಳು ವರ್ಷಗಳವರೆಗೆ ಕಠಿಣ ಸಜೆಯನ್ನು ವಿಧಿಸುತ್ತದೆ. ದಾರಿ ತಪ್ಪಿದ ಬಾಲಕನಿಗಾದರೋ ಅದು ಸುಧಾರಣೆಯ ಹಾದಿಯನ್ನು ತೆರೆದಿಟ್ಟಿದೆ.

ಹಾಗಾದರೆ ಗೆಳೆಯರ ಕೂಟವೇ ಬೇಡವೇ? ನಮ್ಮ ಶ್ರೀಮಂಗಲದ ಸೀಮೆಯನ್ನೇ ನೋಡಿರಿ. ಪುತ್ತರಿಯ ದಿನಗಳಲ್ಲಿ ಕೊಡಗಿನ ಮಂದ್‌ಗಳಲ್ಲಿ ತರುಣರು ಕೋಲಾಟಕ್ಕೆ ಕೂಡುತ್ತಾರೆ. ಕೈಯಲ್ಲಿ ಕೋಲಿದೆ, ಮೈಯಲ್ಲಿ ಬಿಸಿರಕ್ತವಿದೆ. ಆದರೆ ಹೆಜ್ಜೆಗೆ ತಾಳವಿದೆ, ಸುತ್ತಲೂ ಹಿರಿಯರ ಕಣ್ಣಿದೆ. ಅದೇ ಉತ್ಸಾಹ ಅಲ್ಲಿ ಕಲೆಯಾಗುತ್ತದೆ.

ಆದುದರಿಂದ ಪೋಷಕರೂ ಶಿಕ್ಷಕರೂ ಹುಡುಗನನ್ನು ಕೆಟ್ಟವನೆಂದು ಹೊರದೂಡುವ ಮುನ್ನ ಅವನು ಯಾರೊಡನೆ, ಏತಕ್ಕಾಗಿ ಸೇರಿದನೆಂದು ವಿಚಾರಿಸಬೇಕು. ಹೊರದೂಡಲ್ಪಟ್ಟವನಿಗೆ ಉಳಿಯುವುದು ಆ ಗುಂಪೊಂದೇ. ವಿದ್ಯಾರ್ಥಿ ಮಿತ್ರರೇ, ನೀವೂ ಒಂದು ಮಾತನ್ನು ನೆನಪಿಡಿರಿ: ಬೇಡವೆನ್ನಲು ಅವಕಾಶವಿರುವಲ್ಲಿ ಗೆಳೆತನವಿದೆ, ಬೇಡವೆನ್ನಲು ಹೆದರಬೇಕಾದಲ್ಲಿ ಇರುವುದು ಗುಂಪುಗಾರಿಕೆ ಮಾತ್ರ. ಅದನ್ನು ಬಿಟ್ಟು ಬಂದವನಿಗೆ ಶಾಲೆಯ ಬಾಗಿಲೂ ಮನೆಯ ಬಾಗಿಲೂ ತೆರೆದಿರಲಿ.