ಕಡಲ ಬದಿಯ ಪುಕ್ಕಟೆ ಹಾಲ್ಟು, ಅದರ ಖರ್ಚು

ಕೋಗಿಲು ಕ್ರಾಸಿನ ಹತ್ತಿರ ನನ್ನ ಈಕೋ ವ್ಯಾನಿನ ಹಿಂಬಾಗಿಲು ಎತ್ತಿದರೆ ಸಾಕು, ಯಾರಾದರೂ ಬಗ್ಗಿ ಒಳಗೆ ನೋಡುತ್ತಾರೆ. ಪ್ಲೈವುಡ್ಡಿನ ಮಂಚ, ಅದರಡಿ ಪಾತ್ರೆಪಗಡದ ಡಬ್ಬ, ಕಿಟಕಿಗೆ ಸೊಳ್ಳೆ ಪರದೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಇಷ್ಟೇ ನಮ್ಮ ಸಂಸಾರ. ‘ಬೀಚ್ ಹತ್ರ ಇದರಲ್ಲೇ ಮಲಗ್ತೀರಾ? ರೂಮಿನ ದುಡ್ಡು ಉಳೀತು ಬಿಡಿ’ ಎನ್ನುವುದು ಮೊದಲ ಮಾತು. ಎರಡನೆಯದು, ‘ನಾನೂ ಒಂದು ದೊಡ್ಡ ಮೋಟರ್‌ಹೋಮೇ ತಗೊಳ್ಳೋಣ ಅಂತಿದ್ದೀನಿ ಸಾರ್.’

ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ಟೆಂಪೊ ಟ್ರಾವೆಲರ್ ಗಾತ್ರದ ಗಾಡಿ, ಅದರೊಳಗೆ ಅಡುಗೆಕಟ್ಟೆ, ಕಕ್ಕಸು, ಏಸಿ ಎಲ್ಲ ಸೇರಿ 25 ಲಕ್ಷ ಆಯಿತು ಅಂದುಕೊಳ್ಳಿ. ಅದೇ ಹಣ ಶೇ 7ರ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 1.75 ಲಕ್ಷ ಬಡ್ಡಿ. ನೌಕರಿ ಮಾಡುವ ಮನುಷ್ಯ ವರ್ಷಕ್ಕೆ 30 ರಾತ್ರಿ ಗಾಡಿಯಲ್ಲಿ ಮಲಗಿದರೆ ಅದೇ ದೊಡ್ಡದು. ಅಂದರೆ ರಾತ್ರಿಗೆ 5,800 ರೂಪಾಯಿ, ಅದೂ ಗಾಡಿ ಬೀದಿ ಬಿಡುವ ಮೊದಲೇ. ವಿಮೆ, ಸವಕಳಿ, ಉಳಿದ ಹನ್ನೊಂದು ತಿಂಗಳು ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬ ಪ್ರಶ್ನೆ, ಇವನ್ನೆಲ್ಲ ಇನ್ನೂ ಸೇರಿಸಿಯೇ ಇಲ್ಲ. ಅಷ್ಟು ದುಡ್ಡಿಗೆ ಡಿಸೆಂಬರ್ ಕೊನೆಯ ವಾರ ಬಿಟ್ಟರೆ ಕರಾವಳಿಯಲ್ಲಿ ಅಲೆ ಕಾಣುವ ಒಳ್ಳೆಯ ಕೋಣೆಯೇ ಸಿಗುತ್ತದೆ. ನಿವೃತ್ತರಾಗಿ ಅರ್ಧ ವರ್ಷ ರಸ್ತೆಯ ಮೇಲೇ ಇರುತ್ತೇನೆ ಎನ್ನುವವರು ಬೇಕಾದರೆ ಕೊಳ್ಳಲಿ. ಉಳಿದವರಿಗೆ ನನ್ನ ಸಲಹೆ ಒಂದೇ: ಬೇಡ.

ನನ್ನ ಮಂಚಕ್ಕೆ ಬಡಗಿಯ ಕೂಲಿಯೂ ಸೇರಿ ಸುಮಾರು 25 ಸಾವಿರ ಹಿಡಿಯಿತು. ಅದಕ್ಕೆ ಬೋಲ್ಟ್ ಹೊಡೆಸಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಎರಡೂ ಕಂಪನಿ ಕಟ್ಟಿಕೊಟ್ಟ ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸಬೇಡಿ ಎನ್ನುತ್ತವೆ. ಹಾಗಾಗಿ ಮಂಚ ನನ್ನ ಪಾಲಿಗೆ ಸಾಮಾನು. ಎತ್ತಿ ಕೆಳಗಿಟ್ಟರೆ ವ್ಯಾನು ವಾರದ ದಿನಗಳಲ್ಲಿ ಮನೆಗೆಲಸಕ್ಕೆ ದುಡಿಯುತ್ತದೆ. ಲೆಕ್ಕದಲ್ಲಿ ಇದೇ ದೊಡ್ಡ ಉಳಿತಾಯ, ಕಡಲ ಬದಿಯ ರಾತ್ರಿಯಲ್ಲ.

ಇನ್ನು ‘ರೂಮಿನ ದುಡ್ಡು ಉಳೀತು’ ಎಂಬ ಮಾತು. ಕೋಗಿಲಿನಿಂದ ದೊಡ್ಡಬಳ್ಳಾಪುರ, ಮಧುರೆ ಮೇಲೆ ನೆಲಮಂಗಲ, ಅಲ್ಲಿಂದ ಹಾಸನ, ಶಿರಾಡಿ ಘಾಟಿ ಇಳಿದು ಹೆದ್ದಾರಿ 66ಕ್ಕೆ ಸೇರಿ ಕುಂದಾಪುರದ ಕಡೆ ಹೋಗಿ ಬಂದರೆ, ಅಲ್ಲಿಲ್ಲಿ ಸುತ್ತಿದ್ದೂ ಸೇರಿ 900 ಕಿಲೋಮೀಟರ್. ಲೀಟರಿಗೆ 15 ಸಿಕ್ಕರೂ 60 ಲೀಟರ್ ಪೆಟ್ರೋಲು, ಆರು ಸಾವಿರದ ಮೇಲೆ. ಟೋಲಿಗೆ ಒಂದು ಸಾವಿರ ತೆಗೆದಿಡಿ. ಇಬ್ಬರು ಸ್ಲೀಪರ್ ಬಸ್ಸಿನಲ್ಲಿ ಹೋಗಿ ಆಟೊ ಹಿಡಿದು ತಿರುಗಿ ಬಂದರೆ ಐದರಿಂದ ಐದೂವರೆ ಸಾವಿರ. ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲಿನಲ್ಲಿ ಇನ್ನೂ ಕಡಿಮೆ. ಅಲ್ಲಿಗೆ ವ್ಯಾನು ಹೊರಟಾಗಲೇ ಎರಡು ಸಾವಿರದ ಹತ್ತಿರ ಹಿಂದೆ ಬಿದ್ದಿರುತ್ತದೆ. ಸಾಧಾರಣ ಕೋಣೆಗೆ ಸಾವಿರದಿಂದ ಸಾವಿರದಿನ್ನೂರು ಎಂದರೂ ಮೊದಲ ಎರಡು ರಾತ್ರಿ ಬರೀ ಸಾಲ ತೀರಿಸಲಿಕ್ಕೇ ಆಯಿತು. ಲಾಭ ಶುರುವಾಗುವುದು ಮೂರನೆಯ ರಾತ್ರಿ. ಶನಿವಾರ ಹೋಗಿ ಭಾನುವಾರ ಬರುವುದಾದರೆ ನಾನು ವ್ಯಾನು ಮುಟ್ಟುವುದೇ ಇಲ್ಲ.

ಸರಿ, ಮೂರು ರಾತ್ರಿಗೆ ಹೊರಟಿರಿ. ನಿಲ್ಲಿಸುವುದೆಲ್ಲಿ?

ಹೆಸರುವಾಸಿ ಬೀಚುಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಅನುಮತಿಯಿಲ್ಲದ ಕ್ಯಾಂಪಿಂಗ್, ಮರಳಿನ ಮೇಲೆ ವಾಹನ, ಎರಡೂ ಆ ಮಾನ್ಯತೆಯ ಷರತ್ತಿಗೇ ವಿರುದ್ಧ. ಬೇರೆ ದೊಡ್ಡ ಬೀಚುಗಳಲ್ಲಿ ಪಾರ್ಕಿಂಗ್ ಹರಾಜು ಹಿಡಿದವರಿರುತ್ತಾರೆ. ಹಗಲಿನ ಚೀಟಿ ರಾತ್ರಿಗೆ ನಡೆಯುವುದಿಲ್ಲ. ಹಾಗಂತ ಇನ್ನೂ ಮುಂದೆ, ಗೋವಾಕ್ಕೆ ಹೋಗುತ್ತೇನೆ ಎಂದು ಸ್ಟವ್ ಹೊತ್ತು ಹೊರಡಬೇಡಿ. ಬೀಚಿನಲ್ಲಿ, ಬಯಲಿನಲ್ಲಿ ಅಡುಗೆ ಮಾಡಿದರೆ ದಂಡ ಎಂದು ಅಲ್ಲಿನ ಸರ್ಕಾರ 2019ರಲ್ಲೇ ಕಾನೂನು ತಿದ್ದಿದೆ.

ನನಗೆ ಹಿಡಿಸಿದ್ದು ಉಡುಪಿ ಜಿಲ್ಲೆಯ ಮೀನುಗಾರರ ಊರುಗಳ ಭಜನಾ ಮಂದಿರದ ಅಂಗಳ. ಗಟ್ಟಿ ನೆಲ, ಒಂದು ದೀಪ, ಪಕ್ಕದಲ್ಲಿ ನಲ್ಲಿ ಇಲ್ಲವೇ ಬಾವಿ, ಕಡಲು ಕೂಗಳತೆಯಲ್ಲಿ. ಆದರೆ ಅಲ್ಲಿಗೆ ಬೆಳಕಿರುವಾಗಲೇ, ಸಂಜೆ ಐದರೊಳಗೆ ಮುಟ್ಟಬೇಕು. ಕತ್ತಲಾದ ಮೇಲೆ ಸದ್ದಿಲ್ಲದೆ ಬಂದು ನಿಂತ ಕೆಎ-50 ನಂಬರಿನ ಗಾಡಿ ಯಾರಿಗೆ ತಾನೇ ಹಿಡಿಸೀತು? ಬಲೆ ಸರಿಮಾಡುತ್ತ ಕೂತ ಹಿರಿಯರ ಹತ್ತಿರ ಹೋಗಿ ಕೇಳಿದರೆ, ಅವರೂ ಕೇಳುತ್ತಾರೆ: ಯಾವೂರು, ಹೆಂಗಸರಿದ್ದಾರಾ, ಕುಡಿಯುವ ಅಭ್ಯಾಸ ಉಂಟಾ. ಉತ್ತರ ಒಪ್ಪಿಗೆಯಾದರೆ ಜಾಗ ಅವರೇ ತೋರಿಸುತ್ತಾರೆ. ಅದು ನೀವು ಮನಸ್ಸಿನಲ್ಲಿ ಗುರುತಿಟ್ಟುಕೊಂಡ ಜಾಗ ಆಗಿರುವುದೇ ಇಲ್ಲ. ಕೈರಂಪಣಿ ಬಲೆ ಎಳೆಯುವ ಪಟ್ಟಿ, ದೋಣಿ ನೂಕುವ ದಾರಿ, ಮೀನು ಒಣಗಿಸುವ ನೆಲ ನಮ್ಮ ಕಣ್ಣಿಗೆ ಖಾಲಿ ಮರಳು. ಬೆಳಗಿನ ಜಾವ ನಾಲ್ಕಕ್ಕೆ ಅಲ್ಲಿ ಕೆಲಸ ಶುರು.

ಬಾಡಿಗೆ ಯಾರೂ ಕೇಳುವುದಿಲ್ಲ. ನಾನು ಕಾಣಿಕೆ ಡಬ್ಬಿಗೆ 200 ರೂಪಾಯಿ ಹಾಕುತ್ತೇನೆ, ರಾತ್ರಿಯೂಟ ಊರಿನ ಹೋಟೆಲಿನಲ್ಲೇ ಮಾಡುತ್ತೇನೆ, ಇಬ್ಬರಿಗೆ 300. ಈ 500ನ್ನು ನನ್ನ ಖರ್ಚಿನ ಪುಸ್ತಕದಲ್ಲಿ ‘ಬಾಡಿಗೆ’ ಎಂಬ ಕಲಮಿನಲ್ಲೇ ಬರೆಯುವುದು. ಊಟ ಎಲ್ಲಿದ್ದರೂ ಮಾಡಲೇಬೇಕಲ್ಲ ಎಂದು ಮನೆಯಲ್ಲಿ ಆಕ್ಷೇಪ ಇದೆ. ಇರಲಿ. ಆ ಹೋಟೆಲು ಇಲ್ಲದಿದ್ದರೆ ಕಕ್ಕಸಿಗೆ ಎಲ್ಲಿ ಹೋಗುತ್ತಿದ್ದೆವು?

ಎರಡನೆಯ ಆಯ್ಕೆ ಹೆದ್ದಾರಿಯ ಪೆಟ್ರೋಲ್ ಬಂಕು. ಕಡಲು ಕಾಣುವುದಿಲ್ಲ, ಲಾರಿಗಳ ಸದ್ದು ಬೆಳತನಕ ನಿಲ್ಲುವುದಿಲ್ಲ. ಆದರೆ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಪುಕ್ಕಟೆ ಕೊಡಬೇಕೆಂಬುದು ಬಂಕುಗಳಿಗಿರುವ ನಿಯಮ. ಸಾವಿರ ರೂಪಾಯಿಯ ಎಣ್ಣೆ ಹಾಕಿಸಿ ಮ್ಯಾನೇಜರನ್ನು ಕೇಳಿದರೆ ಕ್ಯಾಮೆರಾ ಕೆಳಗಿನ ಮೂಲೆ ತೋರಿಸುತ್ತಾರೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಅಲ್ಲಿ ರಸ್ತೆ ಅಂಚಿನಲ್ಲೇ ಮಲಗುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಹಗಲು ನೋಡಿ, ರಾತ್ರಿ ಬೇಡ. ವೇಗದ ಗಾಡಿಗಳ ಪಕ್ಕದಲ್ಲಿ ನಿದ್ದೆ ಬಂದರೂ ಅದು ನಿದ್ದೆಯಲ್ಲ.

ಮಳೆಗಾಲದಲ್ಲಂತೂ ಗುಡ್ಡದ ಬುಡ ಎಂಬ ಮಾತೇ ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತಲ್ಲ, ಅಲ್ಲಿದ್ದದ್ದು ಚಾಲಕರು ಚಹಾಕ್ಕೆಂದು ಗಾಡಿ ನಿಲ್ಲಿಸುತ್ತಿದ್ದ ಅಂಗಡಿ. ಗಂಗಾವಳಿಗೆ ಬಿದ್ದ ಲಾರಿಯೊಂದನ್ನು ಮೇಲೆತ್ತಲು ಸೆಪ್ಟೆಂಬರ್ ಬರಬೇಕಾಯಿತು. ಅನುಭವಸ್ಥ ಚಾಲಕರೇ ನಂಬಿ ನಿಲ್ಲಿಸುತ್ತಿದ್ದ ಜಾಗ ಅದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ನನ್ನ ವ್ಯಾನಿಗೂ ನಾನು ಅದೇ ರಜೆ ಕೊಡುತ್ತೇನೆ. ಆಗ ಕೋಣೆಗಳೂ ಅರ್ಧ ಬೆಲೆಗೆ ಸಿಗುವಾಗ ಒದ್ದೆ ಹಾಸಿಗೆಯಲ್ಲಿ ಮುದುಡುವ ಹಣೆಬರಹ ಯಾಕೆ?

ಸೆಕೆಗೆ ಇಂಜಿನ್ ಓಡಿಸಿಕೊಂಡು ಏಸಿಯಲ್ಲಿ ಮಲಗುತ್ತೇವೆ ಎನ್ನುವವರಿದ್ದಾರೆ. ನಿಂತಲ್ಲೇ ಓಡುವ ಇಂಜಿನ್ ಏಸಿಯೊಂದಿಗೆ ಗಂಟೆಗೆ ಮುಕ್ಕಾಲು ಲೀಟರಿನಂತೆ ಕುಡಿದರೂ ಎಂಟು ಗಂಟೆಗೆ ಆರು ಲೀಟರ್, ಆರುನೂರು ರೂಪಾಯಿ. ಇನ್ನಷ್ಟು ಸೇರಿಸಿದರೆ ಫ್ಯಾನಿರುವ ಕೋಣೆಯೇ ಬರುತ್ತದೆ. ದುಡ್ಡು ಹಾಳಾಗಲಿ, 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದಲ್ಲಿ, ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿತ್ತು. ಅದಕ್ಕೆ ವಾಸನೆಯಿಲ್ಲ, ಎಚ್ಚರವೂ ಆಗುವುದಿಲ್ಲ. ನಮ್ಮದು ಬ್ಯಾಟರಿಯ ಸಣ್ಣ ಫ್ಯಾನು, ಎರಡು ಕಡೆಯೂ ತುಸು ತೆರೆದ ಗಾಜು. ಅಡುಗೆ ಯಾವಾಗಲೂ ಗಾಡಿಯ ಹೊರಗೆ.

ಕಾನೂನಿನ ಮಾತು ಇಷ್ಟು: ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಯಾರೂ ನೋಡಿಕೊಳ್ಳದೆ ಬಿಟ್ಟ ಗಾಡಿಯನ್ನು, ನಿಷೇಧವಿದ್ದಲ್ಲಿ ನಿಲ್ಲಿಸಿದ ಗಾಡಿಯನ್ನು ಎಳೆದೊಯ್ಯಬಹುದು. ವ್ಯಾನು ಬಿಟ್ಟು ದಿನವಿಡೀ ದೋಣಿ ವಿಹಾರಕ್ಕೆ ಹೋಗುವವರು ಗಮನಿಸಿ. ಮಲ್ಪೆಯಲ್ಲಿ ಕೇಂದ್ರ ಕಚೇರಿಯಿರುವ ಕರಾವಳಿ ಕಾವಲು ಪೊಲೀಸರು ತೀರದುದ್ದಕ್ಕೂ ಗಸ್ತು ತಿರುಗುತ್ತಾರೆ. ನಡುರಾತ್ರಿ ಗಾಜು ತಟ್ಟಿದರೆ ಆರ್‌ಸಿ, ಆಧಾರ್ ತೋರಿಸಿ, ಯಾರನ್ನು ಕೇಳಿ ನಿಂತಿದ್ದೀರಿ ಎಂದು ಹೇಳಿದರಾಯಿತು. ಕೇಳಿ ನಿಂತದ್ದರ ಬೆಲೆ ಗೊತ್ತಾಗುವುದೇ ಆಗ.

ಲೆಕ್ಕದಲ್ಲಿ ಬಿಟ್ಟುಹೋಗುವ ಎರಡು ಬಾಬ್ತು. ಉಪ್ಪುಗಾಳಿ ತಿಂದ ಗಾಡಿಯ ಅಡಿಭಾಗವನ್ನು ಊರಿಗೆ ಬಂದ ಕೂಡಲೇ ತೊಳೆಸಬೇಕು, ಐನೂರರಿಂದ ಆರುನೂರು. ಮತ್ತೆ ಮರಳು. ಗಾಳಿಮರದ ತೋಪು ದಾಟಿ ಹೊಯ್ಗೆಗೆ ಇಳಿದ ಕಾರುಗಳನ್ನು ಹುಣ್ಣಿಮೆಯ ಭರತ ಏರುವ ಹೊತ್ತಿಗೆ ಟ್ರ್ಯಾಕ್ಟರ್ ಕಟ್ಟಿ ಎಳೆಯುವುದನ್ನು ನೋಡಿದ್ದೇನೆ. ಆಗ ಟ್ರ್ಯಾಕ್ಟರಿನವ ಹೇಳಿದ್ದೇ ರೇಟು, ಚೌಕಾಸಿಗೆ ಅಲೆಗಳು ಬಿಡುವು ಕೊಡುವುದಿಲ್ಲ. ಇಂಜಿನ್ನಿಗೆ ನೀರು ನುಗ್ಗಿದರೆ ‘ಇಂಜಿನ್ ಪ್ರೊಟೆಕ್ಟ್’ ಇಲ್ಲದ ವಿಮೆ ಸಾಮಾನ್ಯವಾಗಿ ಕೈಎತ್ತುತ್ತದೆ.

ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬಳಿ ಕ್ಯಾರವಾನ್ ಪಾರ್ಕುಗಳ ನೀತಿಯೊಂದು ಒಂದೂವರೆ ದಶಕದಿಂದ ಇದೆ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಶುರುಮಾಡಿತು. ನನಗೆ ಅಷ್ಟೆಲ್ಲ ಬೇಡ. ಹತ್ತು ಗಾಡಿಗೆ ಗಟ್ಟಿ ನೆಲ, ಒಂದು ಶೌಚಾಲಯ, ಒಂದು ನಲ್ಲಿ, ರಾತ್ರಿಗೆ 200 ರೂಪಾಯಿ: ಪುಕ್ಕಟೆಗಿಂತ ಇದೇ ನನಗೆ ಅಗ್ಗ. ಕರಾವಳಿಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಇದನ್ನೇ ಹೇಳಿ, ಸುಮ್ಮನೆ ನಿಲ್ಲುವ ಬದಲು ದುಡ್ಡು ಕೊಟ್ಟು ರಸೀದಿ ತಗೊಳ್ಳುತ್ತೇನೆ ಎಂದೆ. ಅಲ್ಲಿದ್ದವರು ಕಪಾಟಿನ ಕಡೆ ಕೈ ತೋರಿಸಿ ನಕ್ಕರು: ‘ನೀರಿಂದು ಉಂಟು, ಮನೆ ತೆರಿಗೆದು ಉಂಟು. ಮಲಗಿದ್ದಕ್ಕೆ ರಸೀದಿ ಪುಸ್ತಕ ಇಲ್ಲ ಮಾರಾಯ್ರೆ.’