ಸೋಪಿನ ಚೀಟಿ ಹೇಳಿದ ಲೆಕ್ಕ

ಇವತ್ತು ನಾವು ದುಡ್ಡಿನ ದಾರಿ ಓದೋಣ.

ನಾವು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು ಕಡೆಯ ಹೆಂಗಸರು. ಹೊಲ, ಹಸು, ರೇಷ್ಮೆ ಹುಳು, ಕೂಲಿ. ಇದೇ ನಮ್ಮ ಬದುಕು.

ನಮ್ಮ ಸೀಮೆಯ ಒಂದು ಊರು. ಹೆಸರು ಬೇಡ. ಅಲ್ಲಿ ಗ್ರಾಮಸಭೆ ನಡೀತಿತ್ತು. ಒಬ್ಬ ಅಕ್ಕ ಎದ್ದು ನಿಂತಳು.

“ಬೆಳಗಿನ ಜಾವ ಹಾಲು ತಗೊಂಡು ಡೈರಿಗೆ ಹೋಗ್ತೀವಿ. ದಾರೀಲಿ ದೀಪ ಇಲ್ಲ. ಹಾವು, ಚೇಳಿನ ಭಯ. ದೀಪ ಹಾಕಿಸಿ” ಅಂದಳು.

ಹಿಂದೆ ಕೂತಿದ್ದ ಒಬ್ಬರು ನಕ್ಕರು. “ತೆರಿಗೆ ಕಟ್ಟೋರು ಕೇಳ್ಲಿ. ನೀನೇನು ಕಟ್ಟಿದ್ದೀಯಮ್ಮ?” ಅಂದರು.

ಅಕ್ಕ ಸುಮ್ಮನೆ ಕೂತಳು. ಜೊತೆಗಿದ್ದ ನಾವೂ ಬಾಯಿ ಬಿಡಲಿಲ್ಲ. ಉತ್ತರ ನಮಗೆ ಗೊತ್ತಿರಲಿಲ್ಲ. ಈಗ ಗೊತ್ತು. ಅದನ್ನೇ ಇಲ್ಲಿ ಬರೆದಿದ್ದೇವೆ.

ನಾವು ತೆರಿಗೆ ಕಟ್ಟುತ್ತೇವೆಯೇ?

ಕಟ್ಟುತ್ತೇವೆ. ದಿನಾ ಕಟ್ಟುತ್ತೇವೆ.

ಅಂಗಡಿಯಲ್ಲಿ ಮೈಸೋಪು ಕೊಳ್ಳುತ್ತೇವೆ. ತಲೆಗೆ ಎಣ್ಣೆ ಕೊಳ್ಳುತ್ತೇವೆ. ಅವುಗಳ ಬೆಲೆಯೊಳಗೇ ತೆರಿಗೆ ಸೇರಿರುತ್ತದೆ. ಇದರ ಹೆಸರು ಸರಕು ಮತ್ತು ಸೇವಾ ತೆರಿಗೆ. ಎಲ್ಲರೂ ಜಿ.ಎಸ್.ಟಿ. ಅಂತಾರೆ. ಇದು 2017ರ ಜುಲೈ 1ರಿಂದ ಬಂತು. ಅದಕ್ಕೂ ಮುಂಚೆ ಮಾರಾಟ ತೆರಿಗೆ, ವ್ಯಾಟ್ ಇದ್ದವು.

ನಮ್ಮ ಅಜ್ಜಿಯರ ಕಾಲದಲ್ಲಿ ಪಟ್ಟಣದ ಬಾಗಿಲಲ್ಲೇ ಸುಂಕದ ಕಟ್ಟೆ ಇತ್ತು. ಗಾಡಿ ನಿಲ್ಲಿಸಿ ಸುಂಕ ವಸೂಲಿ ಮಾಡ್ತಿದ್ದರು. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡಂತೆ ಅನ್ನೋ ಗಾದೆ ಸುಮ್ಮನೆ ಹುಟ್ಟಲಿಲ್ಲ. ಕರ್ನಾಟಕದಲ್ಲಿ ಆ ಸುಂಕ 1979ರಲ್ಲಿ ನಿಂತಿತು. ಆಗ ಸುಂಕದವನು ಕಣ್ಣಿಗೆ ಕಾಣ್ತಿದ್ದ. ಈಗ ಕಾಣೋದಿಲ್ಲ. ಅಷ್ಟೇ ವ್ಯತ್ಯಾಸ.

ಮೈಸೋಪಿಗೆ ಮೊದಲು ನೂರಕ್ಕೆ 18 ರೂಪಾಯಿ ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 5 ರೂಪಾಯಿ ಆಯಿತು. ಸಂತೆಯ ಹಸಿ ತರಕಾರಿಗೆ ಈ ತೆರಿಗೆ ಇಲ್ಲ.

ಆ ದುಡ್ಡು ಎಲ್ಲಿಗೆ ಹೋಗುತ್ತದೆ?

ತೆರಿಗೆ ಸೇರಿಸುವ ಮುಂಚೆ 100 ರೂಪಾಯಿ ಇದ್ದ ಸೋಪಿಗೆ 5 ರೂಪಾಯಿ ತೆರಿಗೆ. ಅದರಲ್ಲಿ ಎರಡೂವರೆ ರೂಪಾಯಿ ಬೆಂಗಳೂರಿಗೆ, ಅಂದರೆ ರಾಜ್ಯ ಸರ್ಕಾರಕ್ಕೆ. ಇನ್ನು ಎರಡೂವರೆ ರೂಪಾಯಿ ದೆಹಲಿಗೆ, ಅಂದರೆ ಕೇಂದ್ರ ಸರ್ಕಾರಕ್ಕೆ.

ಅಕ್ಕೂರಿನಲ್ಲಿ ಕೊಂಡ ಸೋಪಿನ ತೆರಿಗೆ ನೇರವಾಗಿ ಅಕ್ಕೂರಿಗೆ ಬರುವುದಿಲ್ಲ. ಎಲ್ಲ ಊರಿನ ದುಡ್ಡೂ ದೊಡ್ಡ ಹಂಡೆಗೆ ಬೀಳುತ್ತದೆ. ಅಲ್ಲಿಂದ ಹಂಚಿಕೆ.

ಊರಿಗೆ ಮರಳಿ ಹೇಗೆ ಬರುತ್ತದೆ?

ಹಂಚಲು ಹಣಕಾಸು ಆಯೋಗ ಇದೆ. ಕೇಂದ್ರಕ್ಕೆ ಒಂದು, ರಾಜ್ಯಕ್ಕೆ ಒಂದು. ಯಾರಿಗೆ ಎಷ್ಟು ಪಾಲು ಕೊಡಬೇಕು ಎಂದು ಅವು ಸಲಹೆ ಕೊಡುತ್ತವೆ. ಪಾಲು ಹಾಕುವಾಗ ಜನಸಂಖ್ಯೆ ಮುಖ್ಯ. ಹಾಗೆ ಬಂದ ಹಣಕ್ಕೆ ಅನುದಾನ ಎನ್ನುತ್ತಾರೆ. ಅದರಲ್ಲಿ ಗ್ರಾಮ ಪಂಚಾಯ್ತಿಗೂ ಪಾಲು ಉಂಟು.

15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಒಂದು ಕಟ್ಟು ಹಾಕಿತ್ತು. ಪಂಚಾಯ್ತಿಗೆ ಬಂದ 100 ರೂಪಾಯಿಯಲ್ಲಿ 60 ರೂಪಾಯಿ ಕುಡಿಯುವ ನೀರಿಗೆ ಮತ್ತು ಊರಿನ ಸ್ವಚ್ಛತೆಗೇ ಹೋಗಬೇಕಿತ್ತು. ಉಳಿದ 40 ರೂಪಾಯಿ ಊರಿನ ಬೇರೆ ಅಗತ್ಯಕ್ಕೆ. ಅದರಲ್ಲಿ ಸಂಬಳ ಕೊಡುವಂತಿರಲಿಲ್ಲ.

ಊರಲ್ಲೇ ಉಳಿಯುವ ದುಡ್ಡು

ಮನೆ ಕಂದಾಯ, ನೀರಿನ ಕರ ಇವು ಪಂಚಾಯ್ತಿಯ ಸ್ವಂತ ದುಡ್ಡು. ಇವು ದೆಹಲಿಗೆ ಹೋಗಿ ಬರಬೇಕಾಗಿಲ್ಲ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರುತ್ತದೆ. ನಾವು ಪುಸ್ತಕ ಓದುವುದಕ್ಕೂ ನಾವೇ ಕೊಟ್ಟಿದ್ದೇವೆ!

ಕಂದಾಯ ಕಟ್ಟದೆ ಬಾಕಿ ಇಟ್ಟರೆ ನಮ್ಮ ಚೀಲಕ್ಕೇ ತೂತು. ಕಟ್ಟಿದ ಮೇಲೆ ರಸೀತಿ ಕೇಳಿ ಇಸ್ಕೊಳ್ಳಿ. ಅದರಲ್ಲಿ ಹೆಸರು, ಮೊತ್ತ, ತಾರೀಖು ಓದಿ ನೋಡಿ. ಜೋಪಾನವಾಗಿಡಿ.

ಯಾವ ಕೆಲಸ ಮೊದಲು? ಯಾರು ಹೇಳಬೇಕು?

ನಾವೇ ಹೇಳಬೇಕು. ಕರ್ನಾಟಕದ ಪಂಚಾಯತ್ ರಾಜ್ ಕಾನೂನು 1993ರಲ್ಲಿ ಬಂತು. ಅದರ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ಊರಿನ ಮತದಾರರೆಲ್ಲ ಗ್ರಾಮಸಭೆಯ ಸದಸ್ಯರು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ತೆರಿಗೆ ರಸೀತಿ ತೋರಿಸಿ ಮಾತಾಡಬೇಕು ಎಂದು ಎಲ್ಲೂ ಇಲ್ಲ.

ಸಭೆಯಲ್ಲಿ ಜಮಾ ಎಷ್ಟು, ಖರ್ಚು ಎಷ್ಟು ಎಂದು ಕೇಳಬಹುದು. ಬೇಕಾದ ಕೆಲಸ ಹೇಳಬಹುದು. ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬರೆದದ್ದನ್ನು ಓದಿಯೇ ಸಹಿ ಹಾಕಬೇಕು. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾನೂನು ಇದೆ. ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಕೊಡಬೇಕು.

ಅಕ್ಕ ಮತ್ತೆ ಎದ್ದಳು

ಮುಂದಿನ ಸಭೆಗೆ ನಾವೆಲ್ಲ ಒಟ್ಟಿಗೆ ಹೋದೆವು. ಆ ಅಕ್ಕ ಮತ್ತೆ ಎದ್ದಳು. ಕೈಯಲ್ಲಿ ಕಂದಾಯದ ರಸೀತಿ, ಅಂಗಡಿ ಚೀಟಿ.

“ಇದು ಮನೆ ಕಂದಾಯ. ಇದು ಸೋಪಿನ ತೆರಿಗೆ. ಕಟ್ಟಿದ್ದೀನಿ. ಕಟ್ಟದಿದ್ರೂ ಕೇಳೋ ಹಕ್ಕು ನಂಗಿದೆ. ದೀಪದ ಮಾತು ಪುಸ್ತಕದಲ್ಲಿ ಬರೀರಿ” ಅಂದಳು.

ಈ ಸಲ ಯಾರೂ ನಗಲಿಲ್ಲ. ಮಾತು ಪುಸ್ತಕಕ್ಕೆ ಹೋಯಿತು. ಅಕ್ಕ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಸಹಿ ಹಾಕಿದಳು.

ಎರಡು ಕಂಬಕ್ಕೆ ದೀಪ ಬಂತು. ಡೈರಿ ಹತ್ತಿರದ ಕಂಬ ಇನ್ನೂ ಕತ್ತಲು. ಮುಂದಿನ ಸಭೆಯಲ್ಲಿ ಅದನ್ನು ಕೇಳುತ್ತೇವೆ.

ಲೆಕ್ಕ ಮಾಡಿ, ಬರೆಯಿರಿ

1. ತೆರಿಗೆ ಸೇರಿಸುವ ಮುಂಚೆ 200 ರೂಪಾಯಿ ಇದ್ದ ಸಾಮಾನಿಗೆ ನೂರಕ್ಕೆ 5ರಂತೆ ತೆರಿಗೆ ಎಷ್ಟು? ರಾಜ್ಯಕ್ಕೆ ಎಷ್ಟು? ಕೇಂದ್ರಕ್ಕೆ ಎಷ್ಟು?
2. ಮನೆಯಲ್ಲಿರುವ ಕಂದಾಯದ ರಸೀತಿ ತನ್ನಿ. ಜೋರಾಗಿ ಓದಿ.
3. ನಿಮ್ಮ ಬೀದಿಗೆ ಮೊದಲು ಆಗಬೇಕಾದ ಕೆಲಸ ಯಾವುದು? ಒಂದು ಸಾಲು ಬರೆಯಿರಿ. ಆ ಸಾಲನ್ನು ವಾರ್ಡ್ ಸಭೆಗೆ ತಗೊಂಡು ಹೋಗಿ.